ಬೆಲ್ಲದ ನೀರಿಗೆ ಅಂಟಿದ ಹೂವು

"ಅಲ್ಲಿ ಕೂಡಬ್ಯಾಡ್ರಿ. ಪಂಕ್ತಿ ಈ ಕಡೆ ಐತಿ."

ಸುಮಂಗಲಾ ಇದನ್ನು ಎರಡನೆಯ ಸಲ ಹೇಳುತ್ತಿದ್ದಳು. ಮೊದಲ ಸಲ ಹೇಳಿದಾಗ ಆ ಮನುಷ್ಯ ಅವಳತ್ತ ನೋಡಿ ನಕ್ಕಿದ್ದ, ಅಷ್ಟೆ. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತವನು ಕದಲಿರಲಿಲ್ಲ.

ಹೈದರಾಬಾದಿನ ಲಿಂಗಂಪಲ್ಲಿಯ ಕನ್ನಡದ ಮಂದಿ ವರ್ಷಕ್ಕೊಮ್ಮೆ ಬಸವ ಜಯಂತಿಗೆಂದು ಬಾಡಿಗೆಗೆ ಹಿಡಿಯುವ ಹಾಲ್ ಅದು. ಉದ್ದುದ್ದ ಟೇಬಲ್ ಹಾಕಿಸಿ, ಎಲೆ ಹಾಸಿಸಿ, ಯಾರು ಎಲ್ಲಿ ಕೂರಬೇಕು, ಹೋಳಿಗೆ ಬುಟ್ಟಿ ಯಾವ ತುದಿಯಿಂದ ಹೊರಡಬೇಕು ಎಂಬುದನ್ನೆಲ್ಲ ಸುಮಂಗಲಾ ನಿರ್ಧರಿಸಿದ್ದಳು. ಆ ಕೆಲಸವನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಅವಳೇ ತೆಗೆದುಕೊಂಡಿದ್ದಳು.

"ಮೇಡಮ್, ನನಗ ಇಲ್ಲೇ ಅರಾಮ ಐತಿ."

"ನಿಮಗ ಅರಾಮ ಇರಬಹುದು. ಬಡಸೋರಿಗೆ ಬಗ್ಗಿ ಬಗ್ಗಿ ಸೊಂಟ ಹೋಗತೈತಿ. ಅಷ್ಟು ಕುರ್ಚಿ ಖಾಲಿ ಅದಾವಲ್ಲ."

"ಕುರ್ಚಿ ಮ್ಯಾಗಿಂದ ಬಿದ್ರ ನಿಮ್ಮ ಟೇಬಲ್ಲಿನ ಮೂಲಿ ನನ್ನ ತಲಿಗೆ ಬಡೀತೈತಿ."

"ಕುರ್ಚಿ ಮ್ಯಾಗಿಂದ ಯಾಕ ಬೀಳ್ತೀರಿ? ಸಣ್ಣ ಕೂಸೇನು?"

"ಫಿಟ್ಸ್ ಬರ್ತಾವ್ರಿ ನನಗ," ಎಂದ ಅವನು. ಶುಗರ್ ಇದೆ ಎನ್ನುವಷ್ಟು ಸಹಜವಾಗಿ. "ಇವತ್ತ ಬರ್ತಾವ ಅಂತಲ್ಲ. ಬಂದ್ರ ಅಂತ."

ಸುಮಂಗಲಾ ಅವನತ್ತ ಬಗ್ಗಿ ನೋಡಿದಳು. ಅವನ ಎಡಹುಬ್ಬನ್ನು ಎರಡು ಭಾಗ ಮಾಡಿದ ಹಳೆಯ ಗಾಯದ ಗೆರೆ ಅವಳಿಗೆ ಆಗ ಕಂಡಿತು. ಅವನು ನಕ್ಕಾಗ ಹುಬ್ಬಿನ ಹೊರತುಂಡು ಮಾತ್ರ ಮೇಲೇರುತ್ತಿತ್ತು, ಒಳತುಂಡು ಸುಮ್ಮನಿರುತ್ತಿತ್ತು. ಹೀಗಾಗಿ ಅವನು ಅರ್ಧ ತಮಾಷೆ ಮಾಡುತ್ತಿದ್ದಾನೆ, ಅರ್ಧ ನಿಜ ಹೇಳುತ್ತಿದ್ದಾನೆ ಎನಿಸುತ್ತಿತ್ತು.

ಅವಳು ಹೋಗಿ ಎರಡು ಎಲೆ ತಂದಳು. ಒಂದನ್ನು ಅವನ ಮುಂದೆ ಹಾಸಿದಳು. ಇನ್ನೊಂದನ್ನು ಪಕ್ಕದಲ್ಲಿ ಹಾಸಿ ತಾನೇ ನೆಲಕ್ಕೆ ಕೂತಳು.

"ನೀವ್ಯಾಕ?"

"ಬಸವ ಜಯಂತಿ ದಿನ ಪಂಕ್ತಿಭೇದ ಮಾಡಬಾರದು. ಒಬ್ಬರನ್ನ ಬ್ಯಾರೆ ಕೂಡಿಸಿದ್ರ ಮಂದಿ ನನಗ ಅಂತಾರ."

ಸಂಘದ ಅಧ್ಯಕ್ಷ ಅಮರಯ್ಯ, ನಾಲ್ಕನೆಯ ಹೋಳಿಗೆಯ ದಾರಿ ಕಾಯುತ್ತಿದ್ದ ದಪ್ಪ ಮನುಷ್ಯ, ಟೇಬಲ್ಲಿನಿಂದಲೇ ಕೂಗಿದರು: "ಏ ಸುಮಂಗಲಾ, ಲೈನ್ ಹಾಕಿದಾಕಿನ ಲೈನ್ ಬಿಟ್ಟಿಯಲ್ಲ!"

ಎಲ್ಲರೂ ನಕ್ಕರು. ಅವಳು ತಲೆ ಎತ್ತಲಿಲ್ಲ. ಪಕ್ಕದವನು ತುಪ್ಪದ ಬಟ್ಟಲನ್ನು ಮೆಲ್ಲಗೆ ಅವಳ ಕಡೆ ಸರಿಸಿದ. ಸರಿಸುವ ನೆಪದಲ್ಲಿ ಅವಳ ಮುಖ ನೋಡಿದ. ನೋಡಿದ್ದು ಅವಳಿಗೆ ಗೊತ್ತಾಯಿತು ಎಂದು ಅವನಿಗೂ ಗೊತ್ತಾಯಿತು. ಹುಬ್ಬಿನ ಹೊರತುಂಡು ಮೇಲೇರಿತು.

*

ಅವನ ಹೆಸರು ಪರಮೇಶ. ಸೇಡಂ ಕಡೆಯವನು. ಅಮೀರ್‌ಪೇಟೆಯ ಕೋಚಿಂಗ್ ಸೆಂಟರೊಂದರಲ್ಲಿ ಬ್ಯಾಂಕ್ ಪರೀಕ್ಷೆ ಬರೆಯುವವರಿಗೆ ಗಣಿತ ಹೇಳಿಕೊಡುತ್ತಿದ್ದ. ತೆಲುಗಿನಲ್ಲಿ ಶುರುಮಾಡಿ, ಹಿಂದಿಯಲ್ಲಿ ಬಿಡಿಸಿ, ಉತ್ತರ ತಪ್ಪಾದಾಗ ಕನ್ನಡದಲ್ಲಿ ಬೈಯುವ ಮೇಷ್ಟ್ರು.

ಸುಮಂಗಲಾಳದು ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಲೋಡ್ ಕಂಟ್ರೋಲ್ ಕೆಲಸ. ಯಾವ ಸಾಮಾನು ವಿಮಾನದ ಮುಂದಿನ ಹೊಟ್ಟೆಗೆ, ಯಾವುದು ಹಿಂದಿನ ಹೊಟ್ಟೆಗೆ, ಭಾರ ಹೇಗೆ ಹಂಚಿದರೆ ವಿಮಾನ ನೆಟ್ಟಗೆ ಏಳುತ್ತದೆ ಎಂದು ಲೆಕ್ಕ ಹಾಕಿ ಪೈಲಟ್‌ಗೆ ಕಳಿಸಬೇಕು. ಅವಳು ಆ ಕೆಲಸಕ್ಕೆಂದೇ ಹುಟ್ಟಿದವಳು ಎಂದು ಜೊತೆಯವರು ಹೇಳುತ್ತಿದ್ದರು. ಹುಟ್ಟಿರಲಿಲ್ಲ, ಆಗಿದ್ದಳು. ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಅಪ್ಪ ಬಂಡೆಪ್ಪ ಹಲ್ಲುಜ್ಜುತ್ತ ನಿಂತವರು ನಿಂತಲ್ಲೇ ಕುಸಿದಿದ್ದರು. ಒಂದು ದಿನ ಜ್ವರ ಬಂದವರಲ್ಲ. ಅಂದಿನಿಂದ ಅವಳು ಯಾವುದನ್ನೂ ಅದರ ಪಾಡಿಗೆ ಬಿಟ್ಟಿರಲಿಲ್ಲ. ಗ್ಯಾಸ್ ಸಿಲಿಂಡರ್, ಅವ್ವನ ಬಿಪಿ ಗುಳಿಗೆ, ಬಾಗಿಲ ಚಿಲಕ, ಎಲ್ಲವನ್ನೂ ಎರಡೆರಡು ಸಲ ನೋಡುತ್ತಿದ್ದಳು.

ರಜೆಯ ದಿನಗಳಲ್ಲಿ ಮಿಯಾಪುರದಿಂದ ಮೆಟ್ರೋ ಹಿಡಿದು ಅಮೀರ್‌ಪೇಟೆಗೆ ಹೋಗುವುದು ಅವಳಿಗೆ ರೂಢಿಯಾಯಿತು. ಅವನ ಕ್ಲಾಸ್ ಮುಗಿಯುವ ಹೊತ್ತಿಗೆ ಹಾಸ್ಟೆಲ್ ಬೋರ್ಡುಗಳ ಗಲ್ಲಿಯ ಕೊನೆಯ ಇರಾನಿ ಹೋಟೆಲಿನಲ್ಲಿ ಕೂತಿರುತ್ತಿದ್ದಳು. ಅವನು ಕೈಗೆ ಚಾಕ್‌ಪೀಸಿನ ಪುಡಿ ಮೆತ್ತಿಕೊಂಡೇ ಬರುತ್ತಿದ್ದ.

"ಮಂದೀನೂ ತೂಗ್ತೀರೇನ್ರಿ ವಿಮಾನ ಹತ್ತೋ ಮುಂದ?" ಒಂದು ದಿನ ಕೇಳಿದ.

"ಇಲ್ರಿ. ದೊಡ್ಡವರೆಲ್ಲ ಎಪ್ಪತ್ತೈದು ಕಿಲೋ ಅಂತ ಹಿಡೀತೀವಿ."

"ಅಮರಯ್ಯ ಕಾಕಾ ಹತ್ತಿದ್ರೂ?"

"ಹತ್ತಿದ್ರೂ."

"ಹೋಳಗಿ ಉಂಡು ಹತ್ತಿದ್ರೂ?"

"ಉಂಡು ಹತ್ತಿದ್ರೂ. ಸರಾಸರಿ ಅಂತ ಒಂದು ಐತಲ್ರಿ ಮಾಸ್ತರ. ನಿಮಗ ನಾ ಹೇಳಬೇಕೇನು?"

ಅವನು ಬಿದ್ದು ಬಿದ್ದು ನಕ್ಕ. "ಅಂದ್ರ ಇಷ್ಟೆಲ್ಲ ಲೆಕ್ಕ ಹಾಕಿ, ಕಡೀಕ ಮನುಷ್ಯಾರ ಹತ್ರ ಬಂದ ಮ್ಯಾಲೆ ಗೊತ್ತಿಲ್ಲ ಅಂತ ಒಪ್ಕೊಂತೀರಿ. ಛಲೋ ಐತಿ ನಿಮ್ಮ ಕಂಟ್ರೋಲ್."

"ಒಪ್ಕೊಳ್ಳೋದಲ್ಲ. ಅದಕ್ಕೂ ಜಾಗ ಇಟ್ಟಿರ್ತೀವಿ. ಬಾಗಲಾ ಹಾಕೋ ಹೊತ್ತಿನಾಗ ಯಾರರೆ ಓಡಿ ಬಂದ್ರ ಅಂತ ಶೀಟಿನಾಗ ಒಂದು ಖಾನೆ ಇರತೈತಿ. ಲಾಸ್ಟ್ ಮಿನಿಟ್ ಚೇಂಜ್."

"ಹಂಗಾದ್ರ ನಾ ಆ ಖಾನೆದಾಗ ಬರ್ತೀನಿ," ಎಂದ ಅವನು, ಕಪ್ಪಿನೊಳಗೆ ನೋಡುತ್ತ.

ಸುಮಂಗಲಾ ಉಸ್ಮಾನಿಯಾ ಬಿಸ್ಕತ್ತನ್ನು ಚಹಾದಲ್ಲಿ ಅಗತ್ಯಕ್ಕಿಂತ ಹೆಚ್ಚು ಹೊತ್ತು ಅದ್ದಿದಳು. ಅದು ಮುರಿದು ತಳ ಸೇರಿತು. ಅವನು ತನ್ನ ಚಮಚ ಮುಂದೆ ಮಾಡಿದ. ಬೆರಳಿಗೆ ಬೆರಳು ತಗುಲಿತು. ಅವಳ ತೋರುಬೆರಳಿಗೆ ಚಾಕ್‌ಪೀಸಿನ ಬಿಳಿ ಅಂಟಿತು. ಮನೆ ಸೇರುವವರೆಗೂ ಅವಳು ಅದನ್ನು ಒರೆಸಲಿಲ್ಲ.

ತನ್ನ ಕಾಯಿಲೆಯ ಬಗ್ಗೆ ಅವನು ಕತೆಯಂತೆ ಹೇಳುತ್ತಿದ್ದ. ಗುಳಿಗೆ ಇವೆ, ಡಾಕ್ಟರ್ ಇದ್ದಾರೆ, ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತದೆ, ಬಂದು ಹೋಗುತ್ತದೆ. ಗಾಡಿ ಓಡಿಸುವುದಿಲ್ಲ, ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಲ್ಲುವುದಿಲ್ಲ. ತಾನು ಬಿದ್ದರೆ ಪಕ್ಕಕ್ಕೆ ಹೊರಳಿಸಿ ಸುಮ್ಮನಿರಬೇಕು, ಬಾಯಿಗೆ ಏನೂ ತುರುಕಬಾರದು ಎಂದು ಪ್ರತಿ ಬ್ಯಾಚಿಗೂ ಮೊದಲ ದಿನವೇ ಹೇಳಿಬಿಡುತ್ತಿದ್ದ.

"ಮತ್ತ ಕೀಲಿಕೈ ಕೊಡಬ್ಯಾಡ್ರಿ ಅಂತನೂ ಹೇಳ್ತೀನಿ. ಫಿಟ್ಸ್ ಬಂದವರ ಕೈಯಾಗ ಕಬ್ಬಣ ಹಿಡಿಸಬೇಕು ಅಂತ ಮಂದಿಗೆ ಒಂದು ಹುಚ್ಚು. ಈ ಹೈದರಾಬಾದಿನ್ಯಾಗ ಎಷ್ಟು ಮಂದಿ ನನ್ನ ಕೈಯಾಗ ಕೀಲಿಕೈ ಕೊಟ್ಟಾರ ಅಂತೀರಿ! ಆಟೋದ್ದು, ಅಂಗಡೀದು, ಒಮ್ಮೆ ಬ್ಯಾಂಕಿನ ಲಾಕರಿಂದು. ಎಚ್ಚರ ಆಗೂದ್ರಾಗ ತಿರುಗಿ ಇಸ್ಕೊಂಡ್ ಹೋಗಿರ್ತಾರ. ಒಬ್ಬರ ಮನೀನೂ ನನಗ ತೆರದಿಲ್ಲ."

ನಗುತ್ತಲೇ ಹೇಳಿದ. ಎರಡು ಕಡೆ ಅವನಿಗೆ ಹೆಣ್ಣು ಗೊತ್ತಾಗಿ, ಕಾಯಿಲೆಯ ಮಾತು ಹೇಳಿದ ಮೇಲೆ ಮುರಿದದ್ದು ಅವಳಿಗೆ ಗೊತ್ತಿತ್ತು. ಅವಳು ನಗಲಿಲ್ಲ.

*

ಪ್ರೀತಿ ಎಂದು ಬೇರೆಯವರು ಯಾವುದನ್ನು ಕರೆಯುತ್ತಾರೋ ಸುಮಂಗಲಾಳಿಗೆ ತಿಳಿಯದು. ಅವಳಿಗೆ ಅದು ವ್ಯವಸ್ಥೆಯಾಗಿ ಬಂತು.

ಅವನ ಗುಳಿಗೆಯ ಹೊತ್ತಿಗೆ ತನ್ನ ಫೋನಿನಲ್ಲಿ ಅಲಾರಂ ಇಟ್ಟಳು. ನಾಡಿಯನ್ನೂ ನಿದ್ದೆಯನ್ನೂ ಅಳೆಯುವ ವಾಚು ತಂದು ಅವನ ಕೈಗೆ ಕಟ್ಟಿದಳು. ಅವನು ಎಷ್ಟು ಹೊತ್ತಿಗೆ ಮಲಗಿದ ಎಂಬುದು ಲಿಂಗಂಪಲ್ಲಿಯಲ್ಲಿ ಅವಳ ಫೋನಿಗೆ ಬರುತ್ತಿತ್ತು. ಚಹಾ ನಿಂತಿತು. ಸಂಜೆಯ ಎರಡನೆಯ ಬ್ಯಾಚ್ ಬಿಡ್ರಿ ಎಂದಳು. ಅವನ ರೂಮಿನ ಟೇಬಲ್ಲಿನ ನಾಲ್ಕೂ ಮೂಲೆಗೆ ಸ್ಪಂಜು ಅಂಟಿಸಿದಳು.

"ನಿಮ್ಮ ಮನೀಗೆ ಕೂಸು ಬಂದೈತೇನ್ ಸಾರ್ ಅಂತ ಓನರ್ ಕೇಳ್ದ," ಎಂದ ಪರಮೇಶ.

"ಏನ್ ಹೇಳಿದ್ರಿ?"

"ಕೂಸ ನಾನೇ ಅಂದೆ."

ಹುಬ್ಬಿನ ಹೊರತುಂಡು ಆವತ್ತು ಮೇಲೇರಲಿಲ್ಲ. ಅವಳು ಅದನ್ನು ಗಮನಿಸಿದಳು. ಗಮನಿಸಿದರೂ, ವಾಚಿನ ಚಾರ್ಜ್ ಎಷ್ಟಿದೆ ಎಂದು ನೋಡಿದಳು.

ಒಂದು ಭಾನುವಾರ ಅವನನ್ನು ಮನೆಗೆ ಊಟಕ್ಕೆ ಕರೆದಳು. ಅವ್ವ ಗದಿಗೆಮ್ಮನಿಗೆ ಎಲ್ಲವನ್ನೂ ಮೊದಲೇ ಹೇಳಿದ್ದಳು. ಫಿಟ್ಸ್ ವಿಷಯವನ್ನು ಮಾತ್ರ "ಮೊದಲ ಇತ್ತು, ಈಗ ಗುಳಿಗ್ಯಾಗ ಐತಿ" ಎಂದು ಸಣ್ಣದು ಮಾಡಿ ಹೇಳಿದ್ದಳು. ಬೆಳಿಗ್ಗೆಯೇ ಟೀಪಾಯಿ ಒಳಗೆ ಹೋಯಿತು. ಗೋಡೆಯ ಪಕ್ಕದಲ್ಲಿ ದಪ್ಪ ಜಮಖಾನೆ ಬಂತು. ಹಿಂದಿನ ರಾತ್ರಿ ಅವನು ಚೆನ್ನಾಗಿ ನಿದ್ದೆ ಮಾಡಿದ್ದಾನೆ ಎಂದು ಫೋನ್ ಹೇಳಿತು. ಗುಳಿಗೆ ನುಂಗಿದ ಫೋಟೋ ಬಂತು. ಎಲ್ಲವೂ ಸರಿಯಿತ್ತು.

ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಗದಿಗೆಮ್ಮ ಎದುರಿಗೇ ಕೂತು ಬಡಿಸಿದರು. "ತಮ್ಮಾ, ನಿಮ್ಮ ಕಡೆ ಹಿಂಡಿಗೆ ಬಳ್ಳೊಳ್ಳಿ ಹೆಚ್ಚ ಹಾಕ್ತಾರ ಅಲ್ಲ?"

"ಹಾಕ್ತಾರ್ರಿ ಅತ್ತಿ. ಆದ್ರ ಇದು ನಮ್ಮವ್ವ ಮಾಡಿದ್ದಕ್ಕಿಂತ ಛಲೋ ಆಗೈತಿ. ಆಕಿಗೆ ಹೇಳಬ್ಯಾಡ್ರಿ."

ಗದಿಗೆಮ್ಮ ಸೆರಗು ಬಾಯಿಗೆ ಒತ್ತಿ ನಕ್ಕರು. 'ಅತ್ತಿ' ಎಂದದ್ದಕ್ಕೋ, ಹಿಂಡಿಯನ್ನು ಹೊಗಳಿದ್ದಕ್ಕೋ. ಸುಮಂಗಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದಳು. ತಾನು ಜೋಡಿಸಿದ್ದೆಲ್ಲ ಕೂಡಿಬಂತು ಎಂದುಕೊಂಡಳು.

ಆಗಲೇ ಅವನ ಕೈಯ ರೊಟ್ಟಿ ತುಂಡು ಜಾರಿತು. ಕಣ್ಣು ಒಂದೇ ಕಡೆ ನೆಟ್ಟವು. ಗಂಟಲಿನಿಂದ ಏನೋ ಒಂದು ದನಿ ಬಂತು. ಅವನದಲ್ಲದ ದನಿ.

ಅವನು ಜಮಖಾನೆಯ ಮೇಲೆಯೇ ಬಿದ್ದ. ಯಾವ ಮೂಲೆಯೂ ತಲೆಗೆ ಬಡಿಯಲಿಲ್ಲ. ಸುಮಂಗಲಾ ಓಡಿಬಂದು ಅವನನ್ನು ಪಕ್ಕಕ್ಕೆ ಹೊರಳಿಸಿದಳು. ಗದಿಗೆಮ್ಮ "ಯಪ್ಪಾ ವೀರಭದ್ರ" ಎನ್ನುತ್ತ ಸೊಂಟದ ಕೀಲಿಕೈ ಗೊಂಚಲು ಕಿತ್ತು ಅವನ ಮುಷ್ಟಿಗೆ ತುರುಕಿದರು. ಸುಮಂಗಲಾ ತಡೆಯುವಷ್ಟರಲ್ಲಿ ಆಗಿಹೋಗಿತ್ತು. ಕೀಲಿಕೈಗಳು ಅವನ ನಡುಗುವ ಕೈಯಲ್ಲಿ ಝಣಝಣ ಸದ್ದು ಮಾಡಿದವು. ಆಮೇಲೆ ನಿಂತವು.

ಅವನು ಕಣ್ಣು ಬಿಟ್ಟ. ಎಲ್ಲಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕೈಯಲ್ಲಿದ್ದ ಗೊಂಚಲು ನೋಡಿದ. ಒಣಗಿದ ತುಟಿಯಲ್ಲಿ ಕೇಳಿದ: "ಇದು ಯಾವ ಮನೀದು?"

ಅವಳು ಅವನ ಹಣೆ ಮುಟ್ಟಬಹುದಿತ್ತು. ಬಾಯಿಯ ನೊರೆ ಒರೆಸಬಹುದಿತ್ತು. ಅವಳು ಹೇಳಿದ್ದು ಬೇರೆ.

"ಖರೇ ಹೇಳು, ನಿನ್ನೆ ಎಷ್ಟೊತ್ತಿಗೆ ಮಲಗಿದ್ದಿ? ವಾಚ್ ತಗದಿಟ್ಟು ಓದ್ಕೊಂತ ಕುಂತಿದ್ದೇನು? ಗುಳಿಗಿ ಖರೇನ ನುಂಗಿದ್ದೇನು, ಬರೇ ಫೋಟೋ ತಗದ್ಯೋ?"

ಮೊದಲ ಸಲ ಅವಳು ಅವನನ್ನು 'ನೀ' ಎಂದು ಕರೆದದ್ದು ಹೀಗೆ.

ಪರಮೇಶ ಎದ್ದು ಗೋಡೆಗೆ ಒರಗಿದ. ಗೊಂಚಲನ್ನು ಗದಿಗೆಮ್ಮನ ಕೈಗೆ ಕೊಟ್ಟ. ಕೈಯ ವಾಚು ಬಿಚ್ಚಿ ಜಮಖಾನೆಯ ಮೇಲಿಟ್ಟ.

"ಎಲ್ಲಾ ಮಾಡಿದ್ದೆ. ನೀ ಹೇಳಿದ್ದೆಲ್ಲಾ ಮಾಡಿದ್ದೆ. ಆದ್ರೂ ಬಂತು. ಅದು ಹಂಗ ಬರೋದು, ಸುಮಂಗಲಾ. ನಾ ತಪ್ಪ ಮಾಡಿದ್ದಕ್ಕ ಬರಂಗಿಲ್ಲ." ಸ್ವಲ್ಪ ತಡೆದು ಹೇಳಿದ: "ಬಿದ್ದಾಗ ನನಗ ನಾಚಿಕಿ ಆಗಂಗಿಲ್ಲ. ಇವತ್ತ ಆತು."

ಆಟೋ ಹತ್ತುವವರೆಗೂ ಅವಳು ಜೊತೆಗೆ ಹೋದಳು. ಅವನು ಬೇಡ ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ಆಮೇಲೆ ಅವನ ಫೋನ್ ಬರಲಿಲ್ಲ. ಇವಳು ಮಾಡಿದರೆ ಎತ್ತುತ್ತಿದ್ದ. "ಅರಾಮ ಅದೀನಿ" ಎನ್ನುತ್ತಿದ್ದ. ಅದಕ್ಕಿಂತ ದೂರದ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ.

*

"ನಾ ಬ್ಯಾಡ ಅನ್ನಂಗಿಲ್ಲ, ಹೂಂ ಅನ್ನಂಗೂ ಇಲ್ಲ," ಎಂದರು ಗದಿಗೆಮ್ಮ. "ನನಗ ಅಂಜಿಕಿ ಆಗೈತಿ. ಸ್ವಾಮಿಗೆ ಪ್ರಸಾದ ಕೇಳೂಣು. ಸೋಮವಾರ."

ಪ್ರಸಾದ ಕೇಳುವುದೆಂದರೆ ಆ ಮನೆತನದವರಿಗೆ ಇಷ್ಟೆ: ಮನೆದೇವರು ವೀರಭದ್ರನ ಬೆಳ್ಳಿ ಮುಖದ ಎರಡು ಕೆನ್ನೆಗೆ ಕಣಗಿಲೆ ಹೂವಿನ ಎರಡು ಎಸಳನ್ನು ನೀರಿನಲ್ಲಿ ಅದ್ದಿ ಅಂಟಿಸುವುದು. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಎದುರಿಗೆ ಕೂರುವುದು. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಸೊಸೆ ತರುವುದಕ್ಕೂ ಕೇಳುತ್ತಾರೆ, ಬೋರ್ ಹೊಡೆಸುವುದಕ್ಕೂ ಕೇಳುತ್ತಾರೆ.

ಅವ್ವ ಎಡಕ್ಕೆ ಬಿದ್ದ ಮಾತನ್ನು ಮೀರುವವರಲ್ಲ. ಇದು ಸುಮಂಗಲಾಳಿಗೆ ಗೊತ್ತಿತ್ತು. ಪರಮೇಶನನ್ನು ತನಗೆ ಕೊಡುವುದೋ ಬಿಡುವುದೋ ಎಂಬುದನ್ನು ಎರಡು ಒದ್ದೆ ಎಸಳಿಗೆ ಬಿಡುವುದು ಅವಳಿಂದಾಗದ ಮಾತು.

ಸೋಮವಾರ ಬೆಳಿಗ್ಗೆ ಗದಿಗೆಮ್ಮ ಸ್ನಾನಕ್ಕೆ ಹೋಗುವಾಗ ಹೇಳಿದರು: "ಎಸಳ ನೀನ ಹಚ್ಚು. ನನ್ನ ಕೈ ನಡಗತಾವು."

ಸುಮಂಗಲಾಳ ಕೈ ನಡುಗಲಿಲ್ಲ. ಅಡುಗೆಮನೆಯಲ್ಲಿ ಚೂರು ಬೆಲ್ಲವನ್ನು ನೀರಿನಲ್ಲಿ ಕಲಸಿ ಪಾಕದಷ್ಟು ಗಟ್ಟಿ ಮಾಡಿದಳು. ದೇವರ ಎಡಗೆನ್ನೆಗೆ ಬೆಲ್ಲದ ನೀರು ಸವರಿ ಎಸಳನ್ನು ಒತ್ತಿದಳು. ಬಲಗೆನ್ನೆಗೆ ಬರೀ ನೀರು ಸೋಕಿಸಿ ಇನ್ನೊಂದು ಎಸಳನ್ನು ಮೆಲ್ಲಗೆ ತಗುಲಿಸಿದಳು. ಎಡ ಬಲ ತಪ್ಪುವವಳಲ್ಲ ಅವಳು. ವಿಮಾನದ ಎಡ ಬಲವನ್ನು ನೋಡುವವರ ಕಡೆಯಿಂದ ಎಣಿಸುವುದಿಲ್ಲ, ವಿಮಾನ ಮೂಗು ಮಾಡಿದ ದಿಕ್ಕಿಗೆ ಎಣಿಸುತ್ತಾರೆ. ಸಣ್ಣವಳಿದ್ದಾಗ ಅಪ್ಪ ಪ್ರಸಾದ ಕೇಳುತ್ತಿದ್ದದ್ದೂ ಹಾಗೆಯೇ, ದೇವರ ಬಲಕ್ಕೆ.

ಗದಿಗೆಮ್ಮ ಒದ್ದೆ ತಲೆಗೆ ಸೆರಗು ಹೊದ್ದು ಬಂದು ಕೂತರು. ವಿಭೂತಿ ಹಚ್ಚಿಕೊಂಡರು. ಕಣ್ಣು ಮುಚ್ಚಿದರು. ತೆರೆಯುವಷ್ಟರಲ್ಲಿ ಬರೀ ನೀರಿನ ಎಸಳು ಜಾರಿ ತಟ್ಟೆಗೆ ಬಿತ್ತು. ದೇವರ ಬಲಗೆನ್ನೆಯದು.

ಸುಮಂಗಲಾ ಉಸಿರು ಬಿಟ್ಟಳು. ಅವ್ವನ ಮುಖ ನೋಡಿದಳು. ಅವ್ವ ಅಳುತ್ತಿದ್ದರು.

"ಎಡಕ್ಕ ಬಿತ್ತಲ್ಲವ್ವ."

"ಎಡಕ್ಕಲ್ಲ, ಅವ್ವಾ! ಸ್ವಾಮಿ ಬಲಕ್ಕ ಬಿದ್ದೈತಿ."

"ನಿಮ್ಮಪ್ಪನ ಕಡೆಯವರದು ಹಂಗ. ನಮ್ಮ ತವರಮನ್ಯಾಗ ಕೇಳಾಕಿ ಬಲಗೈ ಹಿಡೀತಾರ. ನಿಮ್ಮಪ್ಪ ಹೋದ ಮ್ಯಾಲೆ ಕೇಳಾಕಿ ನಾನಲ್ಲ? ನನ್ನ ಬಲಗೈ ನೋಡು, ನನ್ನ ಎಡಗೈ ನೋಡು."

ಸುಮಂಗಲಾ ನೋಡಿದಳು. ಅವ್ವನ ಬಲಗೈ ಎದುರಿಗೆ ಬೆಲ್ಲದ ನೀರಿನ ಎಸಳು ಗಟ್ಟಿಯಾಗಿ, ನಿಷ್ಠೆಯಿಂದ ಅಂಟಿಕೊಂಡಿತ್ತು. ಅದು ಬೀಳುವ ಹಾಗೇ ಇರಲಿಲ್ಲ.

ಯಾರ ಬಲ ಎಂದು ಅವ್ವನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಿದರೆ ಗುಟ್ಟು ಒಡೆಯುತ್ತದೆಂದು ಕೇಳಿರಲಿಲ್ಲ. ನಡೆದದ್ದನ್ನು ಆಗಲೇ ಹೇಳಿಬಿಡಬಹುದಿತ್ತು. ಅದೂ ಆಗಲಿಲ್ಲ. ಅವಳು ಡ್ಯೂಟಿಗೆ ಹೋದಳು. ಯಾರ್‍ಯಾರದೋ ಸೂಟ್‌ಕೇಸುಗಳ ಭಾರ ಹಂಚಿದಳು. ಎಲ್ಲ ವಿಮಾನಗಳೂ ನೆಟ್ಟಗೆ ಎದ್ದವು.

*

ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಗದಿಗೆಮ್ಮ ಕರೆದರು.

"ಸುಮವ್ವ, ಬಾ ಇಲ್ಲಿ. ವೀರಭದ್ರನ ಕೆನ್ನಿಗೆ ಇರಿವಿ ಯಾಕ ಹತ್ತ್ಯಾವ?"

ದೇವರ ಜಗಲಿಯ ಕೆಳಗಿನಿಂದ ಬೆಳ್ಳಿ ಮುಖದವರೆಗೆ ಕೆಂಪು ಇರುವೆಗಳ ಸಾಲು. ಒಂದು ಕೆನ್ನೆಯ ಎಸಳಿನ ಸುತ್ತ ಜಾತ್ರೆ ನೆರೆದಿತ್ತು. ಇನ್ನೊಂದು ಕೆನ್ನೆ ಖಾಲಿ ಹೊಳೆಯುತ್ತಿತ್ತು.

ಗದಿಗೆಮ್ಮ ಬೆರಳಿನಿಂದ ಎಸಳನ್ನು ಕಿತ್ತರು. ನಾಲಿಗೆಗೆ ಮುಟ್ಟಿಸಿದರು. "ಬೆಲ್ಲ."

ಸುಮಂಗಲಾ ನಿಂತಲ್ಲೇ ಎಲ್ಲ ಹೇಳಿದಳು. ಅವ್ವ ಹೊಡೆಯಬಹುದೆಂದುಕೊಂಡಳು, ಊಟ ಬಿಡಬಹುದೆಂದುಕೊಂಡಳು. ಗದಿಗೆಮ್ಮ ಸೆರಗಿನ ತುದಿಯಿಂದ ದೇವರ ಕೆನ್ನೆಯ ಇರುವೆಗಳನ್ನು ಒಂದೊಂದಾಗಿ, ಸಾಯದಂತೆ ಜಾಡಿಸಿದರು. ಆಮೇಲೆ ಅಲ್ಲೇ ಕೂತು ನಗತೊಡಗಿದರು. ನಗು ಅಳುವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಸ್ವಾಮಿ ಬಾಯಿಗೆ ಬೆಲ್ಲ ಒರಿಸಿ ಹೂಂ ಅನಿಸಾಕ ಹ್ವಾದ್ಯಲ್ಲ, ಹುಚ್ಚಿ. ಅದೂ ತಪ್ಪ ಕೆನ್ನಿಗೆ."

"ಮತ್ತ ಕೇಳೂಣು ಅವ್ವಾ. ಈ ಸಲ ನಾ ಮುಟ್ಟಂಗಿಲ್ಲ."

"ಒಮ್ಮೆ ಕೇಳಿದ್ದನ್ನ ಮತ್ತ ಕೇಳಬಾರದು." ಅವರು ಮೂಗು ಒರೆಸಿಕೊಂಡರು. "ನಿಮ್ಮಪ್ಪನ್ನ ನನಗ ತರೂ ಮುಂದ ಪ್ರಸಾದ ಕೇಳಿದ್ರು. ಎರಡೂ ಮನ್ಯಾಗ ಕೇಳಿದ್ರು. ಎರಡೂ ಕಡೆ ಬಲಕ್ಕ ಬಿದ್ದಿತ್ತು. ಎಂಥಾ ಗಟ್ಟಿ ಆಳು! ಒಂದು ದಿನ ತಲಿ ನೋಯ್ತೈತಿ ಅಂದಾಂವ ಅಲ್ಲ. ಏನಾತು?"

"ಮತ್ತ್ಯಾಕ ಕೇಳ್ತಿ ನೀ?"

ಗದಿಗೆಮ್ಮ ಕಿತ್ತ ಎಸಳನ್ನು ತಟ್ಟೆಯಲ್ಲಿಟ್ಟರು. ಯಾರೂ ಅವರನ್ನು ಈ ಪ್ರಶ್ನೆ ಕೇಳಿರಲಿಲ್ಲ.

"ಮುಂದ ಏನಾಕೈತಿ ಗೊತ್ತಾಗಲಿ ಅಂತಲ್ಲವ್ವ. ಒಬ್ಬಾಕಿನ ಹೊರಾಕ ಆಗಂಗಿಲ್ಲ ಅಂತ ಕೇಳ್ತೀನಿ. ಅರ್ಧ ಭಾರ ಅಂವನ ಮ್ಯಾಲೆ ಹಾಕಿ ಬಂದ್ರ ನಿದ್ದಿ ಬರತೈತಿ. ಅಷ್ಟ."

ಸುಮಂಗಲಾ ಅವ್ವನ ಪಕ್ಕ ಕೂತಳು. ಇಷ್ಟು ವರ್ಷ ಎರಡೆರಡು ಸಲ ಚಿಲಕ ನೋಡಿದವಳು ತಾನೊಬ್ಬಳೇ ಎಂದುಕೊಂಡಿದ್ದಳು. ಅವ್ವನೂ ನೋಡುತ್ತಿದ್ದರು, ಅವರ ಚಿಲಕ ಬೇರೆ ಇತ್ತು, ಅಷ್ಟೆ.

"ಅಂವ ನನ್ನ ಜೋಡಿ ಬರ್ತಾನೋ ಇಲ್ಲೋ ಗೊತ್ತಿಲ್ಲ ಅವ್ವಾ. ಸಿಟ್ಟಾಗ್ಯಾನ. ನಾ ಬೆಲ್ಲ ಹಚ್ಚಿದ್ದು ಬರೇ ಸ್ವಾಮಿಗಲ್ಲ, ಅಂವಗೂ ಹಚ್ಚಾಕ ಹೋಗಿದ್ದೆ."

"ಅಂವನ್ನ ಕೇಳಿಯೇನು?"

"ಏನಂತ?"

"ಬರ್ತಿಯೋ ಇಲ್ಲೋ ಅಂತ."

ಕೇಳಿರಲಿಲ್ಲ. ಗುಳಿಗೆ ಕೇಳಿದ್ದಳು, ನಿದ್ದೆ ಕೇಳಿದ್ದಳು. ಇದನ್ನು ಕೇಳಿರಲಿಲ್ಲ.

ಗದಿಗೆಮ್ಮ ಸೊಂಟದ ಗೊಂಚಲು ಬಿಚ್ಚಿದರು. ಮುಂಬಾಗಿಲ ಎರಡು ಕೀಲಿಕೈಗಳಲ್ಲಿ ಒಂದನ್ನು ಉಗುರಿನಿಂದ ಎಳೆದೆಳೆದು ತೆಗೆದರು. ಗೊಂಚಲಿನ ಬಳೆ ಬಿಗಿಯಾಗಿತ್ತು, ಹೊತ್ತು ಹಿಡಿಯಿತು.

"ನನ್ನ ಅಂಜಿಕಿ ಹೋಗಿಲ್ಲ. ಹೋಗಂಗೂ ಇಲ್ಲ, ನೀ ಅದರ ದಾರಿ ಕಾಯಬ್ಯಾಡ," ಎಂದರು. "ಆವತ್ತ ಬರೇ ಹಿಡಕೊಳ್ಳಾಕ ಅಂತ ಕೊಟ್ಟಿದ್ದೆ. ತಿರುಗಿ ಇಸ್ಕೊಂಡೆ. ಆ ಹುಡುಗನ ಮಾರಿ ನನ್ನ ಕಣ್ಣಾಗಿಂದ ಹೋಗವಲ್ದು."

*

ಮರುದಿನ ಅವಳು ಅಮೀರ್‌ಪೇಟೆಗೆ ಹೋದಾಗ ಸಂಜೆಯ ಬ್ಯಾಚ್ ಬಿಡುತ್ತಿತ್ತು. ಹಾಸ್ಟೆಲ್ ಹುಡುಗರು, ಕರಪತ್ರ ಹಂಚುವವರು, ಮಿರ್ಚಿ ಬಜ್ಜಿಯ ಹೊಗೆ. ಎರಡನೆಯ ಬ್ಯಾಚನ್ನು ಅವನು ಬಿಟ್ಟಿರಲಿಲ್ಲ. ಮೆಟ್ಟಿಲಿಳಿದು ಬಂದವನ ಕೈಯಲ್ಲಿ ಅದೇ ಬಿಳಿ ಪುಡಿ. ಮಣಿಕಟ್ಟಿನಲ್ಲಿ ವಾಚಿನ ಗುರುತು ಇನ್ನೂ ಮಾಸಿರಲಿಲ್ಲ.

"ಯಾಕ್ರಿ ಮೇಡಮ್, ಇನ್‌ಸ್ಪೆಕ್ಷನ್ನಾ?"

"ಬೈಯ್ರಿ. ಬೈಸಿಕೊಳ್ಳಾಕ ಬಂದೀನಿ."

"ಕ್ಲಾಸಿನ್ಯಾಗ ಬೈದು ಬೈದು ಗಂಟಲಾ ಹೋಗೈತಿ. ಚಹಾ ಕುಡೀತೀರೇನು?" ಕೇಳಿದವನು ತಡೆದ. "ನನಗ ಚಹಾ ಬಂದ್ ಐತಿ ಅಲ್ಲ, ಮರತೆ."

"ಎರಡು ಚಹಾ ಹೇಳ್ರಿ," ಎಂದಳು ಅವಳು.

ಹೋಟೆಲಿನಲ್ಲಿ ಎಂದಿನ ಜಾಗ ಖಾಲಿಯಿತ್ತು. ಅವನು ಟೇಬಲ್ಲಿನ ಮೂಲೆಯ ಪಕ್ಕದಲ್ಲಿ ಕೂತ. ಅವಳು ಮೂಲೆಯನ್ನು ನೋಡಿದಳು. ಏನೂ ಹೇಳಲಿಲ್ಲ. ಹೇಳದಿರುವುದು ಎಷ್ಟು ಕಷ್ಟವೆಂದು ಅವಳ ಮುಖ ಹೇಳುತ್ತಿತ್ತು. ಅವನಿಗೆ ನಗು ತಡೆಯಲಾಗಲಿಲ್ಲ. ತಾನೇ ಎದ್ದು ಒಳಗಿನ ಕುರ್ಚಿಗೆ ಸರಿದ.

ಅವಳು ಬೆಲ್ಲದ ನೀರಿನ ಕತೆ ಹೇಳಿದಳು. ಇರುವೆಗಳ ಸಾಲಿಗೆ ಬರುವಷ್ಟರಲ್ಲಿ ಅವನು ಕಪ್ಪು ಕೆಳಗಿಟ್ಟು ಮುಖ ಮುಚ್ಚಿಕೊಂಡು ನಗುತ್ತಿದ್ದ. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು.

"ದೇವರಿಗೇ ಮಾಲ್‌ಪ್ರಾಕ್ಟೀಸ್! ಅದರಾಗೂ ಫೇಲ್!"

"ನಗ್ರಿ, ನಗ್ರಿ."

"ಮೈನಸ್ ಮಾರ್ಕ್ ಬೀಳ್ತಾವ್ರಿ ಇದಕ್ಕ."

ನಗು ಇಳಿಯಿತು. ಅವಳು ಚಹಾದ ಮೇಲೆ ಕೆನೆ ಕಟ್ಟುವುದನ್ನು ನೋಡುತ್ತ ಕೂತಳು.

"ಆ ದಿನ ನೀವು ಬಿದ್ದದ್ದಕ್ಕ ನನಗ ಸಿಟ್ಟ ಬಂದಿರಲಿಲ್ಲ," ಎಂದಳು ಕೊನೆಗೆ. "ನಾ ಇಷ್ಟೆಲ್ಲ ಮಾಡಿದ್ರೂ ಬಿದ್ರಲ್ಲ, ಅದಕ್ಕ ಬಂದಿತ್ತು. ನನ್ನ ಲೆಕ್ಕ ತಪ್ಪಿದ್ದಕ್ಕ ನಿಮಗ ಬೈದೆ. ತಪ್ಪಾತು."

ಅವನು ಚಮಚದಿಂದ ಕೆನೆಯನ್ನು ಅಂಚಿಗೆ ಸರಿಸಿದ.

"ಒಂದು ಮಾತ ಹೇಳ್ತೀನಿ," ಎಂದ. "ನಾಳೆ ಬರಬಹುದು. ಐದು ವರ್ಷ ಬರದೇ ಇರಬಹುದು. ನಿಶ್ಚಯದ ದಿನ ಬರಬಹುದು, ಮದಿವ್ಯಾಗ ಅಕ್ಕಿಕಾಳು ಬೀಳೋ ಹೊತ್ತಿನ್ಯಾಗ ಬರಬಹುದು. ನನಗ ಗೊತ್ತಿಲ್ಲ. ಡಾಕ್ಟರಿಗೆ ಗೊತ್ತಿಲ್ಲ. ನಿಮ್ಮ ವೀರಭದ್ರ ಇರಿವಿ ಕಡಿಸಿಕೊಂಡು ಸುಮ್ನ ಕುಂತಾನ. ಇದನ್ನ ಇಟ್ಕೊಂಡು ಇರಾಕ ಆಗತೈತೇನು ನಿಮಗ?"

"ಗೊತ್ತಿಲ್ರಿ."

ಅವಳ ಬಾಯಿಂದ ಆ ಮಾತನ್ನು ಅವನು ಮೊದಲ ಸಲ ಕೇಳಿದ್ದ. ತಲೆಯೆತ್ತಿ ನೋಡಿದ.

"ಅಂಜಿಕಿ ಆಗತೈತಿ," ಎಂದಳು. "ಒಮ್ಮೊಮ್ಮೆ ಮತ್ತ ಬೈತೀನಿ. ಎಷ್ಟೊತ್ತಿಗೆ ಮಲಗಿದ್ರಿ ಅಂತ ಕೇಳ್ತೀನಿ. ತಡಕೊಳ್ಳಾಕ ನೋಡ್ತೀನಿ, ಆಗದಿದ್ರ ನೀವು ತಡಕೋರಿ. ಆದ್ರ ನೀವು ಬಿದ್ದಾಗ ಪಕ್ಕಕ್ಕ ಹೊರಳಿಸಿ ಸುಮ್ನ ಕುಂದರ್ತೀನಿ. ಅದು ಆಗತೈತಿ." ಉಸಿರು ತೆಗೆದುಕೊಂಡಳು. ಉತ್ತರ ಏನೆಂದು ತಿಳಿಯದೆ ಅವಳು ಕೇಳಿದ ಮೊದಲ ಪ್ರಶ್ನೆ ಅದು. "ನನ್ನ ಜೋಡಿ ಬರ್ತಿಯೇನು, ಪರಮೇಶ?"

ಅವನ ಹುಬ್ಬು ಸುಮ್ಮನಿತ್ತು. ಹೊರಗೆ ಮೇಲುಸೇತುವೆಯಲ್ಲಿ ಮೆಟ್ರೋ ಹಾದುಹೋಯಿತು. ಕಪ್ಪುಗಳು ಸಾಸರಿನಲ್ಲಿ ಸಣ್ಣಗೆ ಅದುರಿದವು. ಅವಳು ಬ್ಯಾಗಿನಿಂದ ಕೀಲಿಕೈ ತೆಗೆದಳು. ಮೇಜಿನ ಮೇಲಿದ್ದ ಅವನ ಬಿಳಿ ಅಂಗೈಯಲ್ಲಿ ಇಟ್ಟಳು.

ಪರಮೇಶ ಅದನ್ನು ನೋಡಿದ. ಗೊಂಚಲಿನಲ್ಲಿ ಒಮ್ಮೆ ಹಿಡಿದಿದ್ದ ಕೀಲಿಕೈ ಅದು. ಗುರುತು ಸಿಕ್ಕಿತು.

"ನಾ ಈಗ ಬಿದ್ದಿಲ್ಲಲ್ಲ," ಎಂದ ಮೆಲ್ಲಗೆ.

"ಅದಕ್ಕ ಕೊಡಾಕತ್ತೀನಿ."

"ಅತ್ತಿಗೆ ಗೊತ್ತೈತೇನು?"

"ಆಕಿನ ಬಿಚ್ಚಿ ಕೊಟ್ಟಾಳ."

ಅವನ ಬೆರಳುಗಳು ಒಂದೊಂದಾಗಿ ಮಡಿಚಿದವು. ಅವನೇ ಮಡಿಚಿದ್ದು, ಯಾವ ನಡುಕವೂ ಇರಲಿಲ್ಲ. ಆಮೇಲೆ ನಿಧಾನವಾಗಿ, ಅವಳು ಅಷ್ಟು ದಿನ ಕಾದಿದ್ದ ಆ ಹುಬ್ಬಿನ ಹೊರತುಂಡು ಮೇಲೇರಿತು.

"ಬಾಗಲಾ ತೆರೀತೈತೋ ಇಲ್ಲೋ ನೋಡಬೇಕಲ್ಲ," ಎಂದ. "ನಡಿ. ನಿಮ್ಮ ಅವ್ವನ ಹಿಂಡಿ ಆವತ್ತ ಅರ್ಧಕ್ಕ ಬಿಟ್ಟು ಬಂದೀನಿ."

ಅವಳು ಏಳುವಷ್ಟರಲ್ಲಿ ಅವಳ ಬ್ಯಾಗಿನಲ್ಲಿ ಅಲಾರಂ ಹೊಡೆಯಿತು. ಅವನ ಸಂಜೆಯ ಗುಳಿಗೆಯ ಹೊತ್ತು. ಎಲ್ಲವನ್ನೂ ಅಳಿಸಿದ್ದಳು, ಇದೊಂದು ಉಳಿದುಹೋಗಿತ್ತು. ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಅವಳು ಫೋನಿಗಾಗಿ ತಡಕಾಡಿದಳು. ಬಂದ್ ಮಾಡಿ, ಅಳಿಸಲು ಬೆರಳಿಟ್ಟಳು.

ಪರಮೇಶ ಜೇಬಿನಿಂದ ಗುಳಿಗೆ ತೆಗೆದು ಬಾಯಿಗೆ ಹಾಕಿಕೊಂಡ. ಅವಳ ಲೋಟದ ನೀರು ಕುಡಿದ.

"ಇರಲಿ," ಎಂದ. "ಅದೊಂದ ಇರಲಿ."